ಒಂದೇ ಮನೆಯಲ್ಲಿ ಎರಡು ಪೈಥಾನ್

ಹಳಗನ್ನಡದ ಬರಹದಲ್ಲಿ ‘ನಕಾರ ಪೊಲ್ಲು’ ಅಂತ ಒಂದು ಅಕ್ಷರವಿದೆ. ನಾವೀಗ ‘ನ್’ ಅಂತ ಬರೀತೀವಲ್ಲ, ಅದರ ಹಳೇ ರೂಪ. ಯೂನಿಕೋಡಿಗೆ ಅದು ಸೇರಿದ್ದು 2021ರಲ್ಲಿ, 14ನೇ ಆವೃತ್ತಿಯಲ್ಲಿ.

ನಮ್ಮ ಚಿಕ್ಕಪ್ಪ ರಿಟೈರ್ ಆದಮೇಲೆ ಹಳೇ ಓಲೆಗರಿಯ ಪಾಠಗಳನ್ನ ಟೈಪ್ ಮಾಡ್ತಾ ಕೂತಿದ್ದಾರೆ. ಕಡತ ತಪಾಸಣೆಗೆ ನಾನೊಂದು ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಗುರುತಿಲ್ಲದ ಚಿಹ್ನೆ ಕಂಡರೆ ಕೆಂಪಾಗಿ ತೋರಿಸುತ್ತೆ. ಮೊನ್ನೆ ನೋಡಿದ್ರೆ ಪೊಲ್ಲು ಇದ್ದಲ್ಲೆಲ್ಲ ಕೆಂಪು! “ಕನ್ನಡಕ ಹಾಕ್ಕೊಂಡೇ ಟೈಪ್ ಮಾಡಿದ್ದು ಕಣೋ” ಅಂತ ಅವರು ಮುನಿಸಿಕೊಂಡರು. ಇನ್ನು ಟೈಪ್ ಮಾಡೋದೇ ಬೇಡ ಅನ್ನೋವರೆಗೂ ಹೋಯ್ತು ಮಾತು.

ಅವರು ಟೈಪ್ ಮಾಡಿದ್ದು ಸರಿಯಾಗೇ ಇತ್ತು. ಅವರ ಲ್ಯಾಪ್‌ಟಾಪಿನ ಉಬುಂಟು 22.04ರ ಜೊತೆ ಬರೋದು ಪೈಥಾನ್ 3.10. ಅದರೊಳಗಿನ ಅಕ್ಷರಪಟ್ಟಿ ಯೂನಿಕೋಡ್ 13ಕ್ಕೇ ನಿಂತಿದೆ. ಪೈಥಾನ್ 3.11ಕ್ಕೆ 14 ಗೊತ್ತು, 3.12ಕ್ಕೆ 15.

ಹಾಗಂತ ಹಳೇದನ್ನ ಕಿತ್ತು ಹೊಸದನ್ನ ಕೂರಿಸೋ ಹಾಗಿಲ್ಲ. ಉಬುಂಟುವಿನ ಎಷ್ಟೋ ಕೆಲಸ ನಡೆಯೋದೇ ಆ 3.10ರ ಮೇಲೆ. ಸಿಸ್ಟಮ್ಮಿನ ‘ಪೈಥಾನ್3’ ಅನ್ನೋ ಹೆಸರನ್ನ ಹೊಸದರ ಕಡೆ ತಿರುಗಿಸಿದ್ರೆ ಟರ್ಮಿನಲ್ ಕೂಡ ತೆರೆಯದೇ ಇರಬಹುದು. ಹೊಸ ನೀರು ಬಂದು ಹಳೇ ನೀರನ್ನ ಕೊಚ್ಚಿಕೊಂಡು ಹೋಗೋದು ಇಲ್ಲಿ ನಡೆಯಲ್ಲ :-)

ಅದಕ್ಕೇ ಪೈಥಾನ್ 3.12ರ ಮೂಲ ಆಕರವನ್ನ ಇಳಿಸಿಕೊಂಡು, ಕಾನ್ಫಿಗರ್ ಮಾಡಿ, ‘ಮೇಕ್’ ಕೊಟ್ಟೆ. ಕೊನೇ ಹೆಜ್ಜೆಯೇ ಮುಖ್ಯ: ‘ಮೇಕ್ ಇನ್‌ಸ್ಟಾಲ್’ ಬದಲು ‘ಮೇಕ್ ಆಲ್ಟ್‌ಇನ್‌ಸ್ಟಾಲ್’. ಹಾಗೆ ಮಾಡಿದ್ರೆ ಹೊಸದು ‘ಪೈಥಾನ್3.12’ ಅನ್ನೋ ತನ್ನ ಪೂರ್ತಿ ಹೆಸರಲ್ಲಷ್ಟೇ ಕೂರುತ್ತೆ, ‘ಪೈಥಾನ್3’ ಅನ್ನೋ ಹೆಸರಿನ ತಂಟೆಗೇ ಹೋಗಲ್ಲ. ಆಮೇಲೆ ಅದರ ‘ವೆನ್ವ್’ ಬಳಸಿ ಚಿಕ್ಕಪ್ಪನ ಕೆಲಸಕ್ಕೇ ಒಂದು ಪ್ರತ್ಯೇಕ ಕೋಣೆ ಮಾಡಿಕೊಟ್ಟೆ. ಬೇಡ ಅಂದ್ರೆ ಆ ಫೋಲ್ಡರ್ ಅಳಿಸಿದ್ರೆ ಮುಗೀತು.

ಈಗ ಕೆಂಪು ಹೋಗಿದೆ. ಚಿಕ್ಕಪ್ಪ ಮತ್ತೆ ಟೈಪ್ ಶುರು ಮಾಡಿದ್ದಾರೆ. ನನಗೆ ಕಾಡಿದ್ದು ಬೇರೆ. ಕೆಂಪು ಮಾಡೋ ಬದಲು ‘ಗುರುತಿಲ್ಲದ್ದನ್ನ ಅಳಿಸು’ ಅನ್ನೋ ಪ್ರೋಗ್ರಾಂ ಆಗಿದ್ದಿದ್ರೆ? ನೂರಾರು ವರ್ಷ ಓಲೆಗರಿ ಮೇಲೆ ಉಳಿದ ಅಕ್ಷರ, ಸದ್ದಿಲ್ಲದೆ ಹೋಗಿಬಿಡ್ತಿತ್ತು.

ಹಳಗನ್ನಡ ಟೈಪ್ ಮಾಡೋ ಗೆಳೆಯರೇ, ನಿಮ್ಮ ಪೈಥಾನ್ ಯಾವ ಆವೃತ್ತಿಯದ್ದು ಅಂತ ಒಮ್ಮೆ ನೋಡಿಕೊಳ್ಳಿ.