ಕಡಲೆ ಎಂದರೆ ಯಾವ ಕಡಲೆ?

ಸೇಲಂ ಜಿಲ್ಲೆಯ ಮೆಟ್ಟೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೊರಡುವ ರಸ್ತೆಯಲ್ಲಿ ಕೊಳತ್ತೂರು ಎಂಬ ಊರಿದೆ. ಊರು ತಮಿಳುನಾಡಿನದು. ಆದರೆ ಇಲ್ಲಿಯೂ ಸುತ್ತಮುತ್ತಲೂ ಎಷ್ಟೋ ಮನೆಗಳ ಒಳಮಾತು ಕನ್ನಡ. ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಗಡಿಯ ಪಾಲಾರ್, ಅದನ್ನು ದಾಟಿದರೆ ನಮ್ಮ ಚಾಮರಾಜನಗರ ಜಿಲ್ಲೆ. ಅಲ್ಲಿನ ಮಾರ್ಟಳ್ಳಿಯ ಕಥೋಲಿಕ ಕುಟುಂಬಗಳಲ್ಲಿ ಮನೆಮಾತು ತಮಿಳು! ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿ ಬದಲಾದರೂ ಜನರ ಹೋಗುಬರುವಿಕೆ ನಿಂತಿಲ್ಲ, ಮಾತುಗಳ ಬೆರಕೆಯೂ ನಿಂತಿಲ್ಲ.

ಕೊಳತ್ತೂರಿನ ಪೂರ್ವಕ್ಕೆ ಕಾವೇರಿಯ ಸ್ಟ್ಯಾನ್ಲಿ ಜಲಾಶಯ. 1925ರಲ್ಲಿ ಕೆಲಸ ಆರಂಭವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ನೀರು ಅದು. ತುಂಬಿದಾಗ ಮಟ್ಟ 120 ಅಡಿ, ಸಂಗ್ರಹ 93.47 ಟಿ.ಎಂ.ಸಿ. ಅಣೆಕಟ್ಟು ಕಟ್ಟಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು. ನೀರು ತೀರಾ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಜಲಕಂಠೇಶ್ವರ ದೇವಸ್ಥಾನದ ನಂದಿಯೂ ಹಳೆಯ ಚರ್ಚಿನ ಗೋಪುರವೂ ನೀರಿನಿಂದ ತಲೆ ಎತ್ತುತ್ತವೆ. ಅದನ್ನು ನೋಡಲು ಜನ ಮಕ್ಕಳುಮರಿಯೊಂದಿಗೆ ಬರುತ್ತಾರೆ. ಪಣ್ಣವಾಡಿಯಲ್ಲಿ ದೋಣಿ ಹತ್ತಿದರೆ ಎದುರು ದಡದ ನಾಗಮರೈ ಧರ್ಮಪುರಿ ಜಿಲ್ಲೆಗೆ ಸೇರಿದ್ದು.

ಬೇಸಿಗೆ ರಜೆಯಲ್ಲಿ ಇಲ್ಲಿನವರಿಗೆ ಅಣೆಕಟ್ಟಿನ ಪಾರ್ಕು, ಹೊಗೇನಕಲ್, ಏರ್ಕಾಡು ಇದ್ದೇ ಇವೆ. ಆದರೆ ಈಗಿನ ಮಕ್ಕಳಿಗೆ ಅಷ್ಟು ಸಾಲದು. ಜಾರುಬಂಡೆಯಿಂದ ಧುಮುಕಬೇಕು, ಕಟ್ಟಿದ ಕೊಳದಲ್ಲಿ ಸಮುದ್ರದ ಅಲೆ ಏಳಬೇಕು! ಅದಕ್ಕೆ ಕೊಳತ್ತೂರಿನಿಂದ ಎರಡು ದಾರಿಗಳಿವೆ. ಒಂದು ಧರ್ಮಪುರಿ, ಹೊಸೂರು ದಾಟಿ ಬೆಂಗಳೂರಿನ ಆಚೆ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾಕ್ಕೆ. ಇನ್ನೊಂದು ಬೆಟ್ಟ ಹತ್ತಿಳಿದು, ಹನೂರು, ಕೊಳ್ಳೇಗಾಲ, ತಿರುಮಕೂಡಲು ನರಸೀಪುರದ ಮೇಲೆ ಮೈಸೂರಿಗೆ. ಅಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ಮಹದೇಶ್ವರ ಬೆಟ್ಟದಿಂದ ಮೈಸೂರಿಗೆ ಸುಮಾರು 150 ಕಿಲೋಮೀಟರ್.

ಕೊಳತ್ತೂರಿನ ಪರಿಚಿತ ಕುಟುಂಬವೊಂದು ಹೀಗೆ ಬೆಟ್ಟದ ದಾರಿಯಲ್ಲಿ ಹೊರಟಾಗ ನಾನೂ ಜೊತೆಗಿದ್ದೆ. ತಂದೆ, ತಾಯಿ, ಅಜ್ಜಿ, ಒಂಬತ್ತು ವರ್ಷದ ಹುಡುಗ, ಅವನ ಅಕ್ಕ. ಹುಡುಗನಿಗೆ ಕಡಲೆಕಾಯಿ ಒಗ್ಗುವುದಿಲ್ಲ. ಒಗ್ಗುವುದಿಲ್ಲ ಎಂದರೆ ಹೊಟ್ಟೆ ಕೆಡುವುದಷ್ಟೇ ಅಲ್ಲ. ನಾಲ್ಕನೆಯ ವಯಸ್ಸಿನಲ್ಲಿ ಯಾರೋ ಪ್ರೀತಿಯಿಂದ ಕೈಗಿತ್ತ ಒಂದು ತುಂಡು ಕಡಲೆ ಮಿಠಾಯಿ ತಿಂದು, ಐದೇ ನಿಮಿಷದಲ್ಲಿ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿತ್ತು. ಆಸ್ಪತ್ರೆ ಹತ್ತಿರವಿದ್ದುದರಿಂದ ಮಗು ಉಳಿಯಿತು. ಆಮೇಲೆ ಪರೀಕ್ಷೆ ಮಾಡಿದ ವೈದ್ಯರು ಇದು ಕಡಲೆಕಾಯಿಯ ಅಲರ್ಜಿ ಎಂದು ಬರೆದುಕೊಟ್ಟರು.

ಕಡಲೆಕಾಯಿ ಬೆಳೆಯುವ ಸೀಮೆಯಲ್ಲಿ ಕಡಲೆಕಾಯಿ ಒಗ್ಗದ ಮಗು! ಗಡಿಯ ಎರಡೂ ಕಡೆ ಅದು ಮೆಚ್ಚಿನ ಪದಾರ್ಥ. ಬೆಂಗಳೂರಿನ ಬಸವನಗುಡಿಯಲ್ಲಿ ಪ್ರತಿ ಕಾರ್ತಿಕದಲ್ಲಿ ಅದಕ್ಕೊಂದು ಪರಿಷೆಯೇ ನಡೆಯುತ್ತದೆ. ತಮಿಳುನಾಡಿನ ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿಗೆ 2020ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಚಿತ್ರಾನ್ನ, ಪುಳಿಯೋಗರೆ, ಚಟ್ನಿಪುಡಿ, ಹೋಟೆಲಿನ ಚಟ್ನಿ, ಎಲ್ಲದರಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದೆ ಎಣ್ಣೆಯ ರೂಪದಲ್ಲಿಯೂ ಬರುತ್ತದೆ. ಕಾರ್ಖಾನೆಯಲ್ಲಿ ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅಲರ್ಜಿ ಉಂಟುಮಾಡುವ ಪ್ರೋಟೀನು ಬಹುತೇಕ ಉಳಿದಿರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ನಾವು ಆರೋಗ್ಯಕ್ಕೆ ಒಳ್ಳೆಯದೆಂದು ಹುಡುಕಿ ತರುವ ಗಾಣದ ಎಣ್ಣೆಯೇ ಈ ಹುಡುಗನಿಗೆ ಅಪಾಯ.

ಬೆಟ್ಟ ಇಳಿದ ಮೇಲೆ ರಸ್ತೆಬದಿಯ ಒಂದು ಚಿಕ್ಕ ಹೋಟೆಲಿನಲ್ಲಿ ಇಡ್ಲಿಗೆಂದು ನಿಂತೆವು. ತಾಯಿ ಮೊದಲು ಒಳಗೆ ಹೋಗಿ ವಿಚಾರಿಸಿದರು.

"ಅಣ್ಣಾ, ಚಟ್ನೀಲಿ ಕಡಲೆ ಹಾಕಿದೀರಾ?"

"ಇಲ್ಲಮ್ಮಾ, ಕಡಲೆ ಹಾಕಿಲ್ಲ."

ತಾಯಿಯ ಮುಖ ಅರಳಿತು. ಅಷ್ಟರಲ್ಲಿ ಅಜ್ಜಿ ಹಿಂದಿನಿಂದ, "ಮತ್ತೆ ಏನೇನ್ ಹಾಕಿದೀಯಪ್ಪಾ?" ಎಂದು ಕೇಳಿದರು.

"ಕಾಯಿ ರೇಟು ಜಾಸ್ತಿ ಅಲ್ವಾ ಅಜ್ಜಿ, ಕಡ್ಲೆಬೀಜ ಹುರಿದು ರುಬ್ಬಿದೀವಿ. ಹಸಿಮೆಣಸಿನಕಾಯಿ, ಹುಣಸೆಹುಳಿ, ಉಪ್ಪು."

ಹೋಟೆಲಿನವರು ಸುಳ್ಳು ಹೇಳಿರಲಿಲ್ಲ. ನಮ್ಮ ಕನ್ನಡದಲ್ಲಿ ಬರೀ ಕಡಲೆ ಎಂದರೆ ಉಸಲಿ ಮಾಡುವ ಕಡಲೆ, ಹುರಿದರೆ ಹುರಿಗಡಲೆ, ಬೀಸಿದರೆ ಕಡಲೆಹಿಟ್ಟು. ಆದರೆ ತಮಿಳಿನಲ್ಲಿ ಕಡಲೈ ಮಿಠಾಯಿ, ಕಡಲೈ ಎಣ್ಣೈ ಎಂದರೆ ಕಡಲೆಕಾಯಿಯದೇ. ಅದೇ ತಮಿಳಿನಲ್ಲಿ ಕಡಲೈ ಮಾವು ಎಂದರೆ ನಮ್ಮ ಕಡಲೆಹಿಟ್ಟು! ಕೊಳತ್ತೂರಿನ ತಾಯಿಯ ಬಾಯಲ್ಲಿ ಎರಡು ಭಾಷೆಗಳೂ ಒಂದಾಗಿವೆ. ಆಕೆ ಒಂದನ್ನು ಕೇಳಿದರು, ಅವರು ಇನ್ನೊಂದಕ್ಕೆ ಉತ್ತರ ಹೇಳಿದರು. ಇಬ್ಬರೂ ಸರಿ. ಆದರೂ ಮಗುವಿನ ಎಲೆಗೆ ಬೀಳುವಂತಿದ್ದುದು ಕಡಲೆಬೀಜದ ಚಟ್ನಿ.

ಉಳಿಸಿದ್ದು ಅಜ್ಜಿಯ ಪ್ರಶ್ನೆ. "ಇದು ಇದೆಯೇ?" ಎಂದು ಕೇಳಿದರೆ "ಇಲ್ಲ" ಎನ್ನುವುದು ಸುಲಭ. "ಏನೇನು ಹಾಕಿದ್ದೀರಿ?" ಎಂದು ಕೇಳಿದರೆ ಅಡಿಗೆಯವರು ಯೋಚಿಸಿ ಒಂದೊಂದಾಗಿ ಹೇಳಲೇಬೇಕಾಗುತ್ತದೆ. ಮನೆಯಲ್ಲಿ ಇಂಥ ಮಗುವಿರುವ ಪ್ರತಿಯೊಬ್ಬರೂ ಕಲಿಯಬೇಕಾದ ಪಾಠ ಇದು. ಆ ಹೊತ್ತು ಹುಡುಗನಿಗೆ ಇಡ್ಲಿಯೂ ಬೇಡವೆಂದು ಮನೆಯಿಂದ ತಂದ ಬುತ್ತಿಯನ್ನೇ ಬಿಚ್ಚಿದರು. ಚಟ್ನಿಯ ಸೌಟು ಎಲ್ಲೆಲ್ಲಿ ತಾಗಿದೆಯೋ ಯಾರು ಬಲ್ಲರು? ಅಲ್ಲೇ ಕುಳಿತು ತಂದೆ ಒಂದು ದಪ್ಪ ಕಾಗದದ ಮೇಲೆ ಎರಡೂ ಲಿಪಿಗಳಲ್ಲಿ ಬರೆದರು: ಕಡಲೆಕಾಯಿ, ಕಡಲೆಬೀಜ, ಶೇಂಗಾ, ನೆಲಗಡಲೆ, ನಿಲಕ್ಕಡಲೈ, ವೇರ್ಕಡಲೈ. ಕೆಳಗೆ ಅಕ್ಕ ಸಿಪ್ಪೆಸಹಿತವಾದ ಒಂದು ಕಡಲೆಕಾಯಿಯ ಚಿತ್ರ ಬರೆದಳು. ಓದು ಬಾರದವರಿಗೂ ಚಿತ್ರ ಅರ್ಥವಾಗುತ್ತದೆ.

ದಾರಿಯುದ್ದಕ್ಕೂ ತಂದೆ ಇನ್ನೊಂದು ಲೆಕ್ಕ ಇಟ್ಟಿದ್ದರು: ಎಲ್ಲಿ ಆಸ್ಪತ್ರೆ ಇದೆ, ಎಲ್ಲಿ ಇಲ್ಲ. ಬೆಟ್ಟದ ಕಾಡಿನ ತಿರುವುಗಳಲ್ಲಿ ಹುಡುಗನಿಗೆ ನೀರಿನ ಹೊರತು ಏನನ್ನೂ ಕೊಡಲಿಲ್ಲ. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ, ಆಮೇಲೆ ಮೈಸೂರು. 108 ಆಂಬುಲೆನ್ಸ್ ಸೇವೆ 2008ರಲ್ಲಿ ಎರಡೂ ರಾಜ್ಯಗಳಲ್ಲಿ ಆರಂಭವಾಯಿತು, ಆದ್ದರಿಂದ ಗಡಿ ದಾಟಿದರೂ ಕರೆಯುವ ಸಂಖ್ಯೆ ಒಂದೇ.

ಇನ್ನು ಉದ್ಯಾನದ ವಿಷಯ. ಇಂಥ ಸ್ಥಳಗಳಲ್ಲಿ ಸಾಮಾನ್ಯವಾಗಿ ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಹೊರಡುವ ಮುಂಚೆಯೇ ಫೋನು ಮಾಡಿ, ವೈದ್ಯರ ಪತ್ರವನ್ನು ಕೈಯಲ್ಲಿ ಹಿಡಿದು ಹೋಗಬೇಕು. ನಾವು ಹೋದಲ್ಲಿ ಪತ್ರ ನೋಡಿದ ಕಾವಲಿನವರು ಮೊಸರನ್ನದ ಡಬ್ಬಿಯನ್ನು ಬಿಟ್ಟರು. ಎಲ್ಲ ಕಡೆಯೂ ಹಾಗೇ ಆಗುತ್ತದೆಂದು ನಂಬಬಾರದು, ಮೊದಲೇ ಕೇಳುವುದು ಒಳ್ಳೆಯದು. ಒಳಗಿನ ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸಿಗೆ ಕಡಲೆಕಾಯಿ ಹಾಕದಿದ್ದರೂ, ಅದೇ ಬಾಣಲೆಯ ಎಣ್ಣೆಯಲ್ಲಿ ಬೆಳಿಗ್ಗೆ ಮಸಾಲೆ ಕಡಲೆಬೀಜ ಕರಿದಿರಬಹುದು. ಪೊಟ್ಟಣದ ತಿಂಡಿಯಾದರೆ ಓದಲು ಏನಾದರೂ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಸಲ್ಫೈಟ್ ಎಂಬ ಎಂಟು ಬಗೆಗಳನ್ನು ಪೊಟ್ಟಣದ ಮೇಲೆ ತಿಳಿಸಬೇಕು. ಬಿಡಿಯಾಗಿ ಕಟ್ಟಿಕೊಡುವ ತಿಂಡಿಯ ಮೇಲೆ ಓದಲು ಏನಿದೆ?

ನೀರಿನ ಬಳಿ ಯಾರಿಗೂ ಹೊಳೆಯದ ಒಂದು ತೊಡಕು ಎದುರಾಯಿತು. ನೀರಿಗಿಳಿಯುವವರು ಬಟ್ಟೆ, ಚೀಲ ಎಲ್ಲವನ್ನೂ ಲಾಕರಿನಲ್ಲಿ ಇಡಬೇಕು. ಔಷಧವೂ ಲಾಕರಿಗೆ ಹೋದರೆ? ಬೀಗದ ಕೈ ತಂದೆಯ ಕೈಯಲ್ಲಿ, ತಂದೆ ಅಲೆಗಳ ನಡುವೆ! ಅಜ್ಜಿ ಅದಕ್ಕೂ ದಾರಿ ತೋರಿಸಿದರು. "ನನಗೇನು ಈ ವಯಸ್ಸಲ್ಲಿ ನೀರಾಟ? ಚೀಲ ಇಲ್ಲಿ ಕೊಡು" ಎಂದು ನೆರಳಿನ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು. ಸಂಜೆಯವರೆಗೂ ಆ ಚೀಲ ಅವರ ಮಡಿಲಿನಿಂದ ಕದಲಲಿಲ್ಲ.

ಆ ಚೀಲದಲ್ಲಿ ಇದ್ದದ್ದು ಅಡ್ರಿನಲಿನ್. ಉಸಿರು ಕಟ್ಟುವ, ತಲೆಸುತ್ತಿ ಬೀಳುವ ತೀವ್ರ ಅಲರ್ಜಿಗೆ ಮೊದಲ ಔಷಧ ಅದೇ. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಚುಚ್ಚುಮದ್ದು. ದದ್ದಿಗೆ ಕೊಡುವ ಅಲರ್ಜಿ ಮಾತ್ರೆ ಅದರ ಬದಲಿಯಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಪೆನ್ನಿನಂತೆ ಒತ್ತಿದರೆ ಸಾಕಾಗುವ ಸಾಧನ ದೊರೆಯುತ್ತದೆ. ನಮ್ಮಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಈ ತಂದೆತಾಯಿಗೆ ಅವರ ವೈದ್ಯರು ಔಷಧದ ಸೀಸೆ ಮತ್ತು ಸಿರಿಂಜು ಬಳಸುವುದನ್ನು ಕೂರಿಸಿ ಕಲಿಸಿದ್ದರು. ವೈದ್ಯರ ಸಲಹೆಯಿಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು. ಔಷಧವನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬಾರದು, ಮಂಜುಗಡ್ಡೆಯ ಮೇಲೂ ಇಡಬಾರದು. ಕೊಟ್ಟ ಮೇಲೆ ಮಗು ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆಗಳ ನಂತರ ತೊಂದರೆ ಮರುಕಳಿಸಬಹುದು.

ಇನ್ನೊಂದು ಸಣ್ಣ ವಿಷಯ. ಸಾವಿರಾರು ಮಕ್ಕಳು ಹಿಡಿದ ಕಂಬಿಗಳನ್ನು ಹಿಡಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಬೇಕು. ಬಾಟಲಿಯ ಸ್ಯಾನಿಟೈಸರ್ ರೋಗಾಣುವನ್ನು ಕೊಲ್ಲಬಹುದು, ಕೈಗೆ ಅಂಟಿದ ಕಡಲೆಬೀಜದ ಅಂಶವನ್ನು ತೆಗೆಯುವುದಿಲ್ಲ.

ಇಷ್ಟೆಲ್ಲ ಎಚ್ಚರ ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ಅಲರ್ಜಿ ಇರುವ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಜಗತ್ತಿನಾದ್ಯಂತ ಹೆಸರಾದದ್ದು ಅಮೆರಿಕದ ಫ್ಲೋರಿಡಾದ ಡಿಸ್ನಿ ಉದ್ಯಾನ. ಅಲ್ಲಿ ಅಲರ್ಜಿ ಇದ್ದವರಿಗೆಂದೇ ಊಟದ ಪಟ್ಟಿಗಳಿವೆ, ಬೇಕೆಂದರೆ ಅಡಿಗೆಯ ಮುಖ್ಯಸ್ಥರೊಡನೆ ಮಾತನಾಡಬಹುದು. 2023ರ ಅಕ್ಟೋಬರಿನಲ್ಲಿ ಅದೇ ಆವರಣದ ಒಂದು ಹೋಟೆಲಿನಲ್ಲಿ ಊಟ ಮಾಡಿದ, ಸ್ವತಃ ವೈದ್ಯೆಯಾಗಿದ್ದ ಮಹಿಳೆಯೊಬ್ಬರು ಹಾಲು ಮತ್ತು ಬೀಜಗಳ ತೀವ್ರ ಅಲರ್ಜಿಯಿಂದ ಅದೇ ಸಂಜೆ ತೀರಿಕೊಂಡರು. ಬಡಿಸುವವರನ್ನು ಮತ್ತೆ ಮತ್ತೆ ವಿಚಾರಿಸಿಯೇ ಉಂಡಿದ್ದೆವೆಂದು ಅವರ ಪತಿ ನ್ಯಾಯಾಲಯಕ್ಕೆ ಹೇಳಿದರು. ಕೇಳುವವರು ಎಷ್ಟೇ ಜಾಗ್ರತೆಯಿಂದ ಕೇಳಿದರೂ, ಉತ್ತರಿಸುವವರು ಅಷ್ಟೇ ಜಾಗ್ರತೆಯಿಂದ ಉತ್ತರಿಸದಿದ್ದರೆ ಪ್ರಯೋಜನವಿಲ್ಲ.

ಹಾಗೆಂದು ಮಗುವನ್ನು ಮನೆಯಲ್ಲೇ ಕೂರಿಸಬೇಕೇ? ಆ ದಿನ ಹುಡುಗ ಅಲೆಗಳ ಕೊಳಕ್ಕೆ ನಾಲ್ಕು ಬಾರಿ ಇಳಿದ. ಜಾರುಬಂಡೆಯ ಮೇಲಿಂದ ಕಿರುಚುತ್ತಾ ಬಂದು ನೀರಿಗೆ ಬಿದ್ದ. ಮಧ್ಯಾಹ್ನ ಅಕ್ಕನ ಮುಂದೆ ಬಿಸಿಬಿಸಿ ಊಟದ ತಟ್ಟೆ, ಅವನ ಮುಂದೆ ಬೆಳಿಗ್ಗೆಯ ಮೊಸರನ್ನದ ಡಬ್ಬಿ. ಅವನು ಒಂದು ಗಳಿಗೆ ಅವಳ ತಟ್ಟೆಯನ್ನೇ ನೋಡಿದ. ಅವಳು ಏನೂ ಹೇಳದೆ ತಟ್ಟೆಯನ್ನು ತಂದೆಯ ಕಡೆ ಸರಿಸಿ, ಕೈ ತೊಳೆದು ಬಂದು, "ನನಗೂ ಎರಡು ತುತ್ತು ಕೊಡೋ" ಎಂದು ಡಬ್ಬಿಯ ಮುಂದೆ ಕುಳಿತಳು. ಅವನು ದೊಡ್ಡ ಮನಸ್ಸು ಮಾಡಿ ಮೂರು ಕೊಟ್ಟ.

ಓದುಗರೇ, ನಮ್ಮ ಧರ್ಮಕೇಂದ್ರಗಳಿಂದಲೂ ಪ್ರತಿ ಬೇಸಿಗೆಯಲ್ಲಿ ಬಸ್ಸು ಮಾಡಿಕೊಂಡು ಪ್ರವಾಸ ಹೋಗುತ್ತೇವೆ. ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸುತ್ತೇವೆ, ಬಸ್ಸಿನಲ್ಲಿ ಚಿಕ್ಕಿ ಹಂಚುತ್ತೇವೆ. ಹೆಸರು ಬರೆದುಕೊಳ್ಳುವ ದಿನವೇ "ನಿಮ್ಮ ಮಗುವಿಗೆ ಒಗ್ಗದ ಪದಾರ್ಥ ಏನಾದರೂ ಇದೆಯೇ?" ಎಂದು ಕೇಳಿಬಿಡೋಣ. ಇದೆ ಎಂದವರ ಮನೆಯವರನ್ನು ಅಡಿಗೆಗೆ ಮೊದಲೇ ಕರೆದು ಮಾತನಾಡಿಸೋಣ. ಚಿತ್ರಾನ್ನಕ್ಕೆ ಕಡಲೆಬೀಜದ ಬದಲು ಕಡಲೆಬೇಳೆ ಹಾಕಿದರೆ ರುಚಿಗೇನೂ ಕೊರತೆಯಾಗದು. ಆ ಮಗುವಿಗೆ ಅದೂ ಒಗ್ಗುತ್ತದೆಯೇ ಎಂದು ಮಾತ್ರ ಕೇಳಿ ಹಾಕಬೇಕು. "ಸ್ವಲ್ಪ ತಿಂದರೆ ಏನಾಗುತ್ತೆ?" ಎಂಬ ಮಾತನ್ನು ನಮ್ಮ ಬಾಯಿಂದ ತೆಗೆದುಹಾಕೋಣ. ತಿನ್ನುವುದಿಲ್ಲ ಎಂದ ಮಗುವನ್ನು ಹಟಮಾರಿ ಎನ್ನದಿರೋಣ. ಮತ್ತು ಬಸ್ಸು ಹೊರಡುವ ಮುಂಚೆ ಔಷಧದ ಚೀಲ ಯಾರ ಮಡಿಲಲ್ಲಿದೆ ಎಂದು ಎಲ್ಲರಿಗೂ ಗೊತ್ತಿರಲಿ.