ಅಳದ ಮಗುವಿನ ಅಳಲು ಕೇಳುವವರಾರು?

ಮಗು ಅತ್ತರೆ ನಮಗೆ ಕಿರಿಕಿರಿ. ಅಳದೆ ಮೂಲೆಯಲ್ಲಿ ಕೂತಿದ್ದರೆ "ಎಂಥ ಜಾಣ ಮಗು!" ಎಂದು ಹೊಗಳುತ್ತೇವೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಈ ಮಾತನ್ನು ನೀವೂ ಕೇಳಿರಬಹುದು. ಆದರೆ ಹಸಿದರೂ ಅಳದ, ಬಿದ್ದರೂ ಅಳದ, ತಾಯಿ ಎದ್ದು ಹೋದರೂ ತಿರುಗಿ ನೋಡದ ಮಗು ಜಾಣ ಮಗುವೇ? ಅತ್ತರೂ ಯಾರೂ ಬರುವುದಿಲ್ಲ ಎಂದು ಅದು ಕಲಿತುಬಿಟ್ಟಿರಬಹುದಲ್ಲವೇ?

ನಾನು ಹಾಸನದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದ ಶಾಂತಿಗ್ರಾಮದಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಮದ್ರಸಾದಲ್ಲಿ ಕಲಿತು, ಆಮೇಲೆ ಬಿ.ಎ. ಮಾಡಿದವಳು. ಬೆಳಗಿನ ಮದ್ರಸಾಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಹಲವರು ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತು ತರುತ್ತಾರೆ. ತಾಯಂದಿರು ಹೊಲದ ಕೂಲಿಗೆ ಇಲ್ಲವೇ ಗಾರ್ಮೆಂಟ್ ಕೆಲಸಕ್ಕೆ ಹೊರಡಬೇಕು, ಪಾಪ, ಅವರಾದರೂ ಏನು ಮಾಡಿಯಾರು?

ಕೆಲವು ವರ್ಷಗಳ ಹಿಂದೆ ಹೀಗೆ ಬಂದ ಒಂದು ಹೆಣ್ಣುಮಗುವಿನ ಕಥೆಯನ್ನು ನಿಮಗೆ ಹೇಳಬೇಕು. ಹೆಸರು, ಮನೆ, ಗುರುತು ಬೇಡ. ಅಂತಹ ಮಗುವಿನ ಗುರುತು ಬಯಲು ಮಾಡುವುದನ್ನು ಕಾನೂನು ಕೂಡ ನಿಷೇಧಿಸಿದೆ. ಒಂದೂವರೆ ವರ್ಷದ ಕೂಸು. ಅಕ್ಕ ಚಾಪೆಯ ಮೇಲೆ ಕೂರಿಸಿದರೆ ಪಾಠ ಮುಗಿಯುವವರೆಗೂ ಅಲ್ಲೇ ಕೂತಿರುತ್ತಿತ್ತು. ನಡಿಗೆ ಇಲ್ಲ, ಮಾತಿಲ್ಲ, ನಗುವಿಲ್ಲ. ಹೆಸರು ಹಿಡಿದು ಕರೆದರೆ ನೋಡುತ್ತಿರಲಿಲ್ಲ. ಒಂದು ದಿನ ತೋಳಿನ ಮೇಲೆ ಹಳೆಯ ಬಾಸುಂಡೆ ಕಾಣಿಸಿತು. "ಅಬ್ಬಾ ಕುಡಿದು ಬಂದಾಗ ಹೊಡೀತಾರೆ ಆಪಾ. ಅಮ್ಮಿ ಕೆಲಸಕ್ಕೆ ಹೋದರೆ ದಾದಿಮಾ ಇವಳನ್ನು ಮಂಚದ ಕಾಲಿಗೆ ಕಟ್ಟಿರ್ತಾರೆ" ಎಂದಳು ಅಕ್ಕ. ಅಜ್ಜಿಗೆ ಕಣ್ಣು ಸರಿಯಾಗಿ ಕಾಣದು. ಮಗು ರಸ್ತೆಗೆ ಹೋದೀತೆಂಬ ಭಯ!

ತಾಯಿಯನ್ನು ಕಂಡು ಮಾತನಾಡಿದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೊದಲು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿದೆ, ನಂತರ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಮನೆಗೆ ಅಧಿಕಾರಿಗಳು ಬಂದರು. ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಯಿತು. ಕೊನೆಗೆ ತಾಯಿ, ಮಕ್ಕಳನ್ನು ಕರೆದುಕೊಂಡು ಹೊಳೆನರಸೀಪುರ ತಾಲೂಕಿನ ತನ್ನ ತವರಿಗೆ ಹೋಗಿ ಇರುವುದೆಂದು ತೀರ್ಮಾನವಾಯಿತು. ಬಾಸುಂಡೆ ಮಾಗಿತು. ಮಗು ಸುರಕ್ಷಿತ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

ಆದರೆ ಆ ಮಗು ಏಕೆ ನಡೆಯುತ್ತಿಲ್ಲ, ಏಕೆ ಮಾತನಾಡುತ್ತಿಲ್ಲ ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದಾಗ ಒಂದು ಕಚೇರಿಯಲ್ಲಿ "ರಕ್ಷಣೆ ಮಾತ್ರ ನಮ್ಮ ಕೆಲಸ, ಬೆಳವಣಿಗೆ ಆಸ್ಪತ್ರೆಯವರದು" ಎಂಬ ಉತ್ತರ ಬಂತು. ಒಂದು ಆಸ್ಪತ್ರೆಯ ಕಿಟಕಿಯಲ್ಲಿ "ಮೊದಲು ಕಾಗದ ತನ್ನಿ" ಎಂದರು. ಹೊಡೆತವನ್ನು ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು ಅಷ್ಟೇ. ಹೊಡೆತ ಮತ್ತು ಅಲಕ್ಷ್ಯ ಮಗುವಿನಿಂದ ಕಸಿದುಕೊಂಡದ್ದನ್ನು ಮರಳಿ ಕೊಡುವ ಇನ್ನರ್ಧ ಯಾರದು?

ಸಹೋದರಿಯರೇ, ಮೊದಲ ಮೂರು ವರ್ಷಗಳಲ್ಲಿ ಮೆದುಳು ಬೆಳೆಯುವ ವೇಗ ಮತ್ತೆಂದೂ ಬರುವುದಿಲ್ಲ. ಮಗು 'ಆ' ಎನ್ನುತ್ತದೆ, ನಾವು ನಕ್ಕು ಉತ್ತರಿಸುತ್ತೇವೆ. ಅದು ಕೈ ಚಾಚುತ್ತದೆ, ನಾವು ಎತ್ತಿಕೊಳ್ಳುತ್ತೇವೆ. ಹೀಗೆ ಕೊಟ್ಟು ತೆಗೆದುಕೊಂಡೇ ಮೆದುಳಿನ ತಂತುಗಳು ಗಟ್ಟಿಯಾಗುತ್ತವೆ. ಉತ್ತರವೇ ಬಾರದಿದ್ದರೆ ಮಾತು ಹಿಂದೆ ಬೀಳುತ್ತದೆ. ಸದಾ ಭಯದಲ್ಲಿರುವ ಕೂಸಿನ ಶಕ್ತಿಯೆಲ್ಲ ಭಯಕ್ಕೇ ಖರ್ಚಾಗುತ್ತದೆ. ರೊಮೇನಿಯಾ ದೇಶದ ಬುಖಾರೆಸ್ಟ್ ನಗರದಲ್ಲಿ ಸಂಶೋಧಕರು 2000ದ ದಶಕದ ಆರಂಭದಿಂದ ಅನಾಥಾಲಯಗಳ 136 ಪುಟ್ಟ ಮಕ್ಕಳನ್ನು ಗಮನಿಸುತ್ತ ಬಂದರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಆ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಮಡಿಲು ಸಿಕ್ಕವರು ಹೆಚ್ಚು ಚೇತರಿಸಿಕೊಂಡರು. ತಡಮಾಡಬಾರದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅಮೆರಿಕದಲ್ಲಿ 2003ರಲ್ಲಿ ಒಂದು ಕಾನೂನು ಬಂತು. ಮೂರು ವರ್ಷದೊಳಗಿನ ಮಗು ದೌರ್ಜನ್ಯಕ್ಕೆ ಅಥವಾ ಅಲಕ್ಷ್ಯಕ್ಕೆ ಒಳಗಾಗಿದ್ದು ದೃಢಪಟ್ಟರೆ ಅದನ್ನು ಬೆಳವಣಿಗೆಯ ಆರಂಭಿಕ ಸೇವೆಗಳಿಗೆ ಕಳುಹಿಸಿಕೊಡುವ ವ್ಯವಸ್ಥೆ ಇರಲೇಬೇಕು ಎಂದು ಅದು ಹೇಳುತ್ತದೆ. ನಮ್ಮಲ್ಲಿ ಏನೂ ಇಲ್ಲ ಎಂದು ಕೈಚೆಲ್ಲಬೇಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ನೆರೆಯ ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇಂದು ಅಂಗನವಾಡಿ ಊರೂರಿನಲ್ಲೂ ಇದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಆರು ವರ್ಷದೊಳಗಿನ ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟಿನ ದೋಷ, ಪೋಷಕಾಂಶದ ಕೊರತೆ, ಕಾಯಿಲೆಗಳ ಜೊತೆಗೆ ಬೆಳವಣಿಗೆಯಲ್ಲಿನ ವಿಳಂಬವನ್ನೂ ನೋಡಬೇಕು. ತೊಂದರೆ ಕಂಡರೆ ಮುಂದಿನ ಹೆಜ್ಜೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಅಂದರೆ ಡಿಇಐಸಿ. 2018ರಿಂದ ಆಶಾ ಕಾರ್ಯಕರ್ತೆಯರು ಮಗುವಿಗೆ 3, 6, 9, 12, 15 ತಿಂಗಳಾದಾಗ ಮನೆಗೆ ಬಂದು ನೋಡುವ ಏರ್ಪಾಡೂ ಇದೆ.

ಹೀಗೆ ನಮ್ಮಲ್ಲಿ ರಕ್ಷಣೆಯ ದಾರಿಯೂ ಇದೆ, ಬೆಳವಣಿಗೆಯ ದಾರಿಯೂ ಇದೆ. ಒಂದು ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಇನ್ನೊಂದು ಆರೋಗ್ಯ ಇಲಾಖೆಯದು. ಮಗುವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕೈ ಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ 'ವೈಯಕ್ತಿಕ ಪಾಲನಾ ಯೋಜನೆ' ಎಂಬುದಿದೆ. "ಮಗುವಿನ ಬೆಳವಣಿಗೆ ಪರೀಕ್ಷೆಯಾಗಲಿ ಎಂದು ಅದರಲ್ಲಿ ಬರೆಯಿರಿ" ಎಂದು ಕೇಳಲು ಯಾವ ಪದವಿಯೂ ಬೇಡ.

ಆ ಮಗುವಿನ ವಿಷಯದಲ್ಲಿ ದಾರಿ ತೋರಿಸಿದವರು ಆಶಾ ಕಾರ್ಯಕರ್ತೆ. ತಾಯಿ ಕಾರ್ಡನ್ನು ಮರೆಯದೆ ತವರಿಗೆ ಒಯ್ಯುವಂತೆ ಹೇಳಿದರು. ಹೊಸ ಊರಿನ ಅಂಗನವಾಡಿಯಲ್ಲಿ ಹೆಸರು ಬರೆಸಲಾಯಿತು. ವೈದ್ಯರ ತಂಡ ಅಲ್ಲಿಗೆ ಬಂದಾಗ ನೋಡಿ ಹಾಸನಕ್ಕೆ ಚೀಟಿ ಬರೆದುಕೊಟ್ಟಿತು. ಕಿವಿಯಲ್ಲಿ ಬಹುದಿನದ ಸೋಂಕಿದ್ದು, ಕೇಳಿಸುವುದು ಕಡಿಮೆಯಾಗಿತ್ತು. ಕಿವಿಗೆ ಚಿಕಿತ್ಸೆ ಕೊಟ್ಟರು, ಕಾಲಿಗೆ ವ್ಯಾಯಾಮ ಹೇಳಿಕೊಟ್ಟರು. ಎಲ್ಲಕ್ಕಿಂತ ಮುಖ್ಯವಾಗಿ ತಾಯಿಗೆ ಮಗುವಿನ ಜೊತೆ ಆಡುವುದನ್ನು ಕಲಿಸಿದರು. ಲೋಟದಲ್ಲಿ ಕಲ್ಲು ಹಾಕಿ ಅಲ್ಲಾಡಿಸುವುದು, ಮುಖ ಮುಚ್ಚಿ 'ಬೂಚ್' ಎನ್ನುವುದು, ರೊಟ್ಟಿ ತಟ್ಟುವಾಗ ಮಾತನಾಡುತ್ತ ಇರುವುದು. ಬಸ್ಸಿನ ಖರ್ಚಿಗೆ, ಕೂಲಿ ತಪ್ಪಿದ ದಿನಕ್ಕೆ ನಮ್ಮ ಮೊಹಲ್ಲಾದ ಹೆಂಗಸರು ಐವತ್ತು, ನೂರು ಸೇರಿಸಿ ಕಳುಹಿಸಿದರು. ತಿಂಗಳುಗಳ ನಂತರ ತಾಯಿ ಫೋನಿನಲ್ಲಿ ಹೇಳಿದಳು, "ಆಪಾ, ನಾನು ನೀರಿಗೆ ಹೊರಟರೆ ಇವಳು ಅಳ್ತಾಳೆ!" ಅಲ್‌ಹಮ್ದುಲಿಲ್ಲಾಹ್! ಅಳುವಿನ ಸುದ್ದಿ ಕೇಳಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಈಗ ಅವಳು ಶಾಲೆಗೆ ಹೋಗುತ್ತಾಳೆ. ಕೆಲವು ಅಕ್ಷರಗಳು ಇನ್ನೂ ತೊದಲು. ಎಲ್ಲವೂ ಮರಳಿ ಬಂತೆಂದು ಹೇಳಲಾರೆ, ಬಹಳಷ್ಟು ಬಂತು.

ನಿಮ್ಮ ಬೀದಿಯ ಪುಟ್ಟ ಮಕ್ಕಳನ್ನು ಸ್ವಲ್ಪ ಗಮನಿಸಿ. ಮೂರು ತಿಂಗಳಾದರೂ ಮುಖ ನೋಡಿ ನಗುವುದಿಲ್ಲವೇ? ವರ್ಷವಾದರೂ ಹೆಸರಿಗೆ ತಿರುಗುವುದಿಲ್ಲವೇ? ಒಂದೂವರೆ ವರ್ಷಕ್ಕೂ ಹೆಜ್ಜೆ ಇಡುವುದಿಲ್ಲವೇ? ಎರಡು ವರ್ಷಕ್ಕೂ ಎರಡು ಪದ ಜೋಡಿಸುವುದಿಲ್ಲವೇ? ಅಂಗನವಾಡಿಗೆ, ಆಶಾಗೆ ತಿಳಿಸಿ. ಮೈಮೇಲೆ ಗಾಯ ಕಂಡರೆ 1098ಕ್ಕೆ ಕರೆ ಮಾಡಿ, ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ. ಆಮೇಲೆ ಆ ತಾಯಿಯನ್ನು ದೂರವಿಡಬೇಡಿ. ಅನೇಕ ವೇಳೆ ಆಕೆಯೂ ಅದೇ ಕೈಯಿಂದ ಹೊಡೆತ ತಿಂದವಳು.

"ನಮಗೇಕೆ ಊರ ಉಸಾಬರಿ?" ಎನ್ನುವಿರಾ? ನಮಾಝ್ ನಡೆಸುತ್ತಿರುವಾಗ ಕೂಸಿನ ಅಳು ಕೇಳಿದರೆ, ತಾಯಿಯ ಸಂಕಟ ನೆನೆದು ಪ್ರವಾದಿವರ್ಯರು(ಸ) ನಮಾಝನ್ನೇ ಚುಟುಕುಗೊಳಿಸುತ್ತಿದ್ದರೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅಳುವ ಮಗುವಿಗಾಗಿ ನಮಾಝ್ ಚಿಕ್ಕದಾಗಬಹುದಾದರೆ, ಅಳುವುದನ್ನೇ ಮರೆತ ಮಗುವಿಗಾಗಿ ನಮ್ಮ ಒಂದು ಮಧ್ಯಾಹ್ನ, ಒಂದು ಬಸ್ ಟಿಕೆಟ್, ಒಂದು ಫೋನ್ ಕರೆ ದೊಡ್ಡದೇ?