ಮಗನ ಪ್ರಾಜೆಕ್ಟಿಗೆ ನನಗ ಬಂದ ಮಾರ್ಕ್ಸು

ನಮ್ಮ ಮಗಂದು ಈ ಸಲ ಎಸ್ಸೆಸ್ಸೆಲ್ಸಿ. ಮನ್ಯಾಗ ಎಸ್ಸೆಸ್ಸೆಲ್ಸಿ ಹುಡುಗ ಇದ್ದರ ಏನಾಗ್ತದ ಅಂತ ನಿಮಗೂ ಗೊತ್ತದ. ಟಿವಿ ಬಂದ್, ಮದುವಿ-ಮುಂಜಿವಿಗೆ ಹೋಗೋದು ಬಂದ್. ಮನಿಗೆ ಬಂದವರೆಲ್ಲಾ "ಎಷ್ಟು ಪರ್ಸೆಂಟ್ ಆಗ್ತದಪಾ?" ಅಂತ ಕೇಳೋದು ಮಾತ್ರ ಚಾಲೂ.

ಮೊದಲನೇ ಎಫ್.ಎ. ಮುಗದು ಮಾರ್ಕ್ಸ್ ಕಾರ್ಡ್ ಬಂತು. ಗಣಿತದಾಗ 50ಕ್ಕ 35. ನಮ್ಮನಿಯವರು ಚಹಾ ಕುಡಕೋತ ಲೆಕ್ಕಾ ಹಾಕಿ, "ಎಪ್ಪತ್ತು ಪರ್ಸೆಂಟ್. ಅಡ್ಡಿಯಿಲ್ಲ" ಅಂದು ಸಹಿ ಮಾಡ್ಲಿಕ್ಕೆ ಪೆನ್ನು ತಗದ್ರು. ನನಗ ಮಾತ್ರ ಕೈಯಾಗಿನ ಚಹಾ ಗಂಟಲಾಗ ಇಳೀಲಿಲ್ಲ.

ಯಾಕಂದ್ರ ಆ 35 ಹೆಂಗ ಬಂತು ಅಂತ ನನಗೊಬ್ಬಾಕಿಗೇ ಗೊತ್ತಿತ್ತು. ಎಫ್.ಎ. ಅಂದ್ರ ರೂಪಣಾತ್ಮಕ ಮೌಲ್ಯಮಾಪನ. 50 ಮಾರ್ಕ್ಸಿನೊಳಗ ಬರೆಯೋ ಪರೀಕ್ಷೆಗೆ 20, ಉಳಿದ 30 ಎರಡು ಚಟುವಟಿಕೆಗೆ, ಒಂದೊಂದಕ್ಕ 15. ಇಂಥಾವು ವರ್ಷಕ್ಕ ನಾಲ್ಕು. ಆ 200 ಮಾರ್ಕ್ಸನ್ನ ಇಳಿಸಿ 20 ಮಾಡಿ ಆಂತರಿಕ ಅಂಕ ಅಂತ ಕೊಡ್ತಾರ. ಮಿಕ್ಕ 80 ಬೋರ್ಡಿನ ಪರೀಕ್ಷಾಕ್ಕ.

ನಮ್ಮವಂಗ ಚಟುವಟಿಕೆಗೆ 14 ಮತ್ತ 14. ಬರೆಯೋ ಪರೀಕ್ಷೆಗೆ 20ಕ್ಕ 7. ಆ ಹದಿನಾಲ್ಕು ಅವನವಲ್ಲ, ನನ್ನವು! ರಾತ್ರಿ ಹತ್ತಕ್ಕ "ಅಮ್ಮಾ, ನಾಳೆನೇ ಕೊಡಬೇಕು" ಅಂತ ಬಂದು ನಿಂತಿದ್ದ. ಕಡ್ಡಿಪೆಟ್ಟಿಗಿ ಒಡದು, ಕಡ್ಡಿ ಅಂಟಿಸಿ ಸಾಲು ತ್ರಿಕೋನ ಮಾಡಿದೆ. ಒಂದಕ್ಕ 3 ಕಡ್ಡಿ, ಎರಡಕ್ಕ 5, ಮೂರಕ್ಕ 7, ಹಿಂಗ ಸಮಾಂತರ ಶ್ರೇಢಿ ತೋರಿಸೋ ಮಾದರಿ. ಚಾರ್ಟಿನ ಮ್ಯಾಲೆ ಸ್ಕೆಚ್ ಪೆನ್ನಿಲೆ ಬರದಾಕಿನೂ ನಾನೇ. ಅವ ಅಷ್ಟೊತ್ತಿಗೆ ಸೋಫಾದ ಮ್ಯಾಲೆ ಮಲಗಿಬಿಟ್ಟಿದ್ದ.

ಪಾಲಕರ ಸಭಾಕ್ಕ ಹೋದೆ. ಹೇಳಲೋ ಬ್ಯಾಡೋ ಅಂತ ಸರದಿಯೊಳಗ ನಿಂತು ಸೆರಗು ತಿರುವಿದ್ದೇ ತಿರುವಿದ್ದು. ಕಡೀಕ ಹೇಳಿಬಿಟ್ಟೆ. ಗಣಿತದ ಮೇಡಂ ನಕ್ಕು, "ಅಕ್ಷರ ನೋಡಿದಾಗನೇ ಗೊತ್ತಾಗಿತ್ರೀ. ನಲವತ್ತು ಹುಡುಗ್ರೊಳಗ ಅರ್ಧ ಚಾರ್ಟ್ ಅಮ್ಮಂದಿರವೇ ಇರ್ತಾವ. ಕಾರ್ಡ್ ಇರ್ಲಿ, ಇದನ್ನ ನೋಡ್ರಿ" ಅಂದು ಉತ್ತರಪತ್ರಿಕೆ ಮುಂದಿಟ್ರು.

ನೋಡಿದೆ. ಸೂತ್ರ ಹಾಕೋ ಲೆಕ್ಕಾ ಎಲ್ಲಾ ಬರೋಬರಿ. ಮಾತಿನಾಗ ಕೊಟ್ಟ ಲೆಕ್ಕಾ ಮಾತ್ರ ಖಾಲಿ. ತಪ್ಪೂ ಮಾಡಿಲ್ಲ, ಪೆನ್ನೇ ಊರಿಲ್ಲ.

ಮನಿಗೆ ಬಂದು ಅದರೊಳಗಿನ ಒಂದು ಲೆಕ್ಕಾ ಅವಂಗ ನಮ್ಮ ಮಾತಿನಾಗ ಕೇಳಿದೆ. "ಒಬ್ಬಾಕಿ ಮೊದಲನೇ ತಿಂಗಳ 50 ರೂಪಾಯಿ ಉಳಿಸ್ತಾಳ. ಮುಂದ ತಿಂಗಳಾ 20 ರೂಪಾಯಿ ಹೆಚ್ಚಿಗಿ. 290 ರೂಪಾಯಿ ಉಳಿಸೋದು ಎಷ್ಟನೇ ತಿಂಗಳಾಗ?"

ಒಂದು ನಿಮಿಷನೂ ಹಿಡೀಲಿಲ್ಲ. "ಹದಿಮೂರನೇ ತಿಂಗಳು" ಅಂದ.

"ಮತ್ತ ಪರೀಕ್ಷಾದಾಗ ಯಾಕ ಬರೀಲಿಲ್ಲೋ?"

ತಲಿ ಕೆಳಗ ಹಾಕಿ, "ಇಂಗ್ಲಿಷ್‌ನ್ಯಾಗ ಏನ್ ಕೇಳ್ಯಾರ ಅಂತನೇ ತಿಳೀಲಿಲ್ಲಮ್ಮಾ" ಅಂದ.

ಏಳನೇತ್ತಾ ತನಕ ಅವ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತದ ಅಂತ ಎಂಟನೇತ್ತಾಕ್ಕ ನಾವೇ ಎತ್ತಿ ಅಲ್ಲೆ ಹಾಕಿದ್ವಿ. ಎರಡು ವರ್ಷದ ಮ್ಯಾಲೆ ಹುಡುಗ ತಿಳೀದೇ ಕೂತಾನ. ಬಂದ ಪ್ರತಿಯೊಂದು ಕಾರ್ಡಿಗೂ ನಾವು ಸಹಿ ಮಾಡೀವಿ. ಯಾವ ಕಾರ್ಡಿನಾಗೂ ಇದು ಇರ್ಲಿಲ್ಲ. ಇರೋದೂ ಇಲ್ಲ ಬಿಡ್ರಿ. ಕಾರ್ಡು ಎಷ್ಟು ಅಂತ ಹೇಳ್ತದ, ಎಲ್ಲೆ ಅಂತ ಹೇಳಂಗಿಲ್ಲ. ನಾವರೆ ಕೇಳಿದ್ವೇನು? "ಎಷ್ಟು ಬಂತು" ಅಂತ ಒಂದೇ ಕೇಳಿದ್ವಿ.

ಬಾಜೂ ಮನಿ ಹುಡುಗಿದು ಕನ್ನಡ ಮೀಡಿಯಂ ಪುಸ್ತಕ ಇಸಕೊಂಡು ಬಂದೆ. ಪಾಠ ಅವೇ, ಲೆಕ್ಕಾನೂ ಅವೇ, ಭಾಷಾ ಒಂದೇ ಬ್ಯಾರೆ. ಎರಡೂ ಪುಸ್ತಕ ಅಕ್ಕಪಕ್ಕ ಇಟಗೊಂಡು ದಿನಾ ಸಂಜಿಕ ಐದು ಲೆಕ್ಕಾ ಓದ್ತಾನ. ನಾನು ಕಾಯಿಪಲ್ಯಾ ಹೆಚ್ಚಿಕೋತ ಕೇಳ್ತೀನಿ. ಎರಡನೇ ಎಫ್.ಎ. ಪ್ರಾಜೆಕ್ಟಿಗೆ ಕೈ ಹಚ್ಚಲಿಲ್ಲ. ತಾನೇ ಮಾಡಿದ. ಗೆರಿ ಸೊಟ್ಟ, ಅಂಟು ಎಲ್ಲಾ ಹೊರಗ. ನನ್ನ ಕೈ ಕಡೀಲಿಕತ್ತಿದ್ವು, ಖರೇ ಹೇಳ್ತೀನಿ.

ಮೊನ್ನೆ ಕಾರ್ಡ್ ಬಂತು. ಚಟುವಟಿಕೆಗೆ 10 ಮತ್ತ 9. ಬರೆಯೋ ಪರೀಕ್ಷೆಗೆ 11. ಒಟ್ಟು 30.

"ಐದು ಮಾರ್ಕ್ಸ್ ಕಡಿಮಿ ಆದ್ವಲ್ಲಾ! ಇವೆಲ್ಲಾ ಫೈನಲ್‌ಗೆ ಕೂಡ್ತಾವ" ಅಂತ ನಮ್ಮನಿಯವರು ಹುಬ್ಬು ಏರಿಸಿದ್ರು. ಅವರದೂ ಸುಳ್ಳಲ್ಲ. ಚಾರ್ಟ್ ನಾನು ಬರದಿದ್ದರ ಆ ಮಾರ್ಕ್ಸ್ ಉಳೀತಿದ್ವು. ಆದ್ರ ಬೋರ್ಡ್ ಪರೀಕ್ಷಾದ 80 ಮಾರ್ಕ್ಸಿಗೆ ಸ್ಕೆಚ್ ಪೆನ್ನು ಹಿಡಕೊಂಡು ನಾ ಹೋಗಲಿಕ್ಕೆ ಬರ್ತದೇನು?

"7 ಇದ್ದದ್ದು 11 ಆಗ್ಯದ, ಅದನ್ನ ನೋಡ್ರಿ" ಅಂದೆ. ಈ ಸಲ ಪೆನ್ನು ನಾನೇ ಇಸಕೊಂಡು ಸಹಿ ಮಾಡಿದೆ.